ನಮ್ಮ ಗಾಳಿಗೆ ದೆಹಲಿಯ ಅಳತೆಗೋಲು ಯಾಕೆ?

ನವೆಂಬರ್ ಬಂತೆಂದರೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಆಟ ಶುರುವಾಗುತ್ತದೆ. ಗುರುಗ್ರಾಮದಲ್ಲಿರುವ ಭಾವ ತಮ್ಮ ಫೋನಿನ ಸ್ಕ್ರೀನ್‌ಶಾಟ್ ಹಾಕುತ್ತಾರೆ: ಗಾಳಿಯ ಗುಣಮಟ್ಟದ ಸೂಚ್ಯಂಕ, ಅಂದರೆ ಎಕ್ಯೂಐ 460, ಕಡುಗೆಂಪು. ಅದರ ಕೆಳಗೆ ಬೆಂಗಳೂರಿನವರೆಲ್ಲ ಸಾಲಾಗಿ ತಮ್ಮ ತಮ್ಮ ಏರಿಯಾದ್ದು ಹಾಕುತ್ತಾರೆ. 88. 74. 92. ಜೊತೆಗೊಂದು ಕೈಮುಗಿಯುವ ಎಮೋಜಿ. 'ಸುಮ್ನೆ ವಾಪಸ್ ಬಂದುಬಿಡಿ ಭಾವ, ಇಲ್ಲಿ ಎಲ್ಲ ಹಸಿರು' ಅಂತ ಹೋದ ವರ್ಷ ಬರೆದವನು ನಾನೇ.

ಆ 92 ಅಂದರೆ ಏನು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ಕೈಮುಗಿಯುವಂಥದ್ದೇನೂ ಇರಲಿಲ್ಲ.

ಎಕ್ಯೂಐ ನೇರವಾದ ಅಳತೆಯಲ್ಲ, ಪರೀಕ್ಷೆಯ ಗ್ರೇಡ್ ಇದ್ದ ಹಾಗೆ. ಗಾಳಿಯಲ್ಲಿರುವ ಪಿಎಂ2.5, ಪಿಎಂ10 ಅನ್ನುವ ಸಣ್ಣ ಕಣಗಳು, ನೈಟ್ರೋಜನ್ ಡೈಆಕ್ಸೈಡ್, ಓಝೋನ್ ಮುಂತಾದವನ್ನು ಬೇರೆ ಬೇರೆಯಾಗಿ ಅಳೆದು ಒಂದೊಂದಕ್ಕೂ ಅಂಕ ಕೊಡುತ್ತಾರೆ. ಅದರಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದ್ದೋ ಅದೇ ಆ ಹೊತ್ತಿನ ಎಕ್ಯೂಐ. ಎಷ್ಟು ಕೊಳೆಗೆ ಎಷ್ಟು ಅಂಕ ಅನ್ನುವುದನ್ನು ಆಯಾ ದೇಶವೇ ತೀರ್ಮಾನಿಸುತ್ತದೆ. ನಮ್ಮಲ್ಲಿ ಪಿಎಂ2.5 ಒಂದು ಘನ ಮೀಟರ್ ಗಾಳಿಗೆ 30 ಮೈಕ್ರೋಗ್ರಾಂ ಒಳಗಿದ್ದರೆ 'ಉತ್ತಮ', ಕಡು ಹಸಿರು. 31ರಿಂದ 60ರವರೆಗೆ 'ತೃಪ್ತಿಕರ', ತಿಳಿ ಹಸಿರು. ಎಕ್ಯೂಐ 92 ಬಂದಿರುವುದು ಪಿಎಂ2.5ನಿಂದಲೇ ಆದರೆ ಗಾಳಿಯಲ್ಲಿರುವುದು ಸುಮಾರು 55 ಮೈಕ್ರೋಗ್ರಾಂ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ಅಂದರೆ ನಾನು ಭಾವನಿಗೆ ತೋರಿಸಿ ಬೀಗಿದ ಗಾಳಿ ಆ ಮಿತಿಯ ಮೂರೂವರೆ ಪಟ್ಟಿಗಿಂತ ಜಾಸ್ತಿ ಕೊಳಕಾಗಿತ್ತು. ನಮ್ಮ ದೇಶದ ದಿನದ ಮಿತಿ 2009ರಿಂದ 60ರಲ್ಲೇ ನಿಂತಿದೆ. ಇಡೀ ವರ್ಷದ ಸರಾಸರಿಗೆ ನಮ್ಮ ಮಿತಿ 40, ಅವರದ್ದು 5. ಅದೇ 55 ಮೈಕ್ರೋಗ್ರಾಂ ಗಾಳಿಯನ್ನು ಅಮೆರಿಕದ ಲೆಕ್ಕ ಬಳಸುವ ಆ್ಯಪ್‌ನಲ್ಲಿ ನೋಡಿದರೆ ಅಂಕ 150ರ ಹತ್ತಿರ, ಬಣ್ಣ ಕಿತ್ತಳೆ, ಪಕ್ಕದಲ್ಲಿ ಮಕ್ಕಳು ಮತ್ತು ಅಸ್ತಮಾ ಇರುವವರಿಗೆ ಎಚ್ಚರಿಕೆ. ಎರಡು ಆ್ಯಪ್ ಎರಡು ನಂಬರ್ ತೋರಿಸಿದಾಗ 'ಇವೆಲ್ಲ ಬೋಗಸ್' ಅಂತ ಬೈದುಕೊಳ್ಳುತ್ತೇವಲ್ಲ, ಎರಡೂ ನಿಜವೇ ಹೇಳುತ್ತಿರಬಹುದು. ಗ್ರೇಡ್ ಕೊಡುವ ಮೇಷ್ಟ್ರು ಬೇರೆ, ಅಷ್ಟೆ.

ಈಗ ಅಸಲು ವಿಷಯಕ್ಕೆ ಬರೋಣ. 2024ರ ಜುಲೈನಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಶಿಮ್ಲಾ ಸೇರಿ ಹತ್ತು ನಗರಗಳಲ್ಲಿ 2008ರಿಂದ 2019ರವರೆಗೆ ಆದ ಸುಮಾರು 36 ಲಕ್ಷ ಸಾವುಗಳ ದಿನದ ಲೆಕ್ಕವನ್ನು ಆಯಾ ದಿನದ ಗಾಳಿಯ ಜೊತೆ ಇಟ್ಟು ನೋಡಿದ ಕೆಲಸ ಅದು. ಹತ್ತೂ ನಗರ ಸೇರಿ ವರ್ಷಕ್ಕೆ ಸುಮಾರು 33,000 ಸಾವುಗಳು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮೀರಿದ ಪಿಎಂ2.5ಗೆ ತಳಕು ಹಾಕಿಕೊಂಡಿವೆ ಅಂತ ಅದು ಹೇಳಿತು. ದೆಹಲಿಯದ್ದು ಸುಮಾರು 12,000. ಬೆಂಗಳೂರಿನದ್ದು ಸುಮಾರು 2,100.

ಪೇಪರ್‌ಗಳಲ್ಲಿ ಈ ಅಂಕಿಗಳೇ ದೊಡ್ಡದಾಗಿ ಬಂದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಕಿ. ಪಿಎಂ2.5 ಹತ್ತು ಮೈಕ್ರೋಗ್ರಾಂ ಏರಿದರೆ ಸಾವು ಎಷ್ಟು ಏರುತ್ತದೆ ಅಂತ ನೋಡಿದಾಗ ಹತ್ತು ನಗರಗಳ ಸರಾಸರಿ ಶೇ 1.42. ದೆಹಲಿಯಲ್ಲಿ ಶೇ 0.31. ಬೆಂಗಳೂರಿನಲ್ಲಿ ಶೇ 3.06.

ಇನ್ನೊಂದು ಸಲ ಓದಿ. ಅದೇ ಹತ್ತು ಮೈಕ್ರೋಗ್ರಾಂ ನಮ್ಮೂರಲ್ಲಿ ಏರಿದರೆ ಸಾವಿನ ಏರಿಕೆ ದೆಹಲಿಯ ಸುಮಾರು ಹತ್ತು ಪಟ್ಟು.

ಇದು ಹೇಗೆ? ಸಪ್ಪೆ ಸಾರಿಗೆ ಒಂದು ಚಮಚ ಖಾರದ ಪುಡಿ ಹಾಕಿ ನೋಡಿ, ನಾಲಿಗೆಗೆ ಚುರುಕ್ ಅನ್ನುತ್ತದೆ. ಆಗಲೇ ಹತ್ತು ಚಮಚ ಬಿದ್ದಿರುವ ಸಾರಿಗೆ ಹನ್ನೊಂದನೆಯದನ್ನು ಹಾಕಿದರೆ ಗೊತ್ತೂ ಆಗುವುದಿಲ್ಲ. ಕೊಳೆ ಮತ್ತು ಸಾವಿನ ನಂಟೂ ಹೀಗೇ ಇದೆ ಅಂತ ಬೇರೆ ದೇಶಗಳ ಅಧ್ಯಯನಗಳೂ ತೋರಿಸಿವೆ. ಶುರುವಿನಲ್ಲಿ ಏರು ಕಡಿದಾಗಿರುತ್ತದೆ, ಮೇಲೆ ಹೋದ ಹಾಗೆ ಮಟ್ಟಸವಾಗುತ್ತದೆ. ಹತ್ತು ನಗರಗಳ ಈ ಅಧ್ಯಯನದಲ್ಲೂ ಭಾರತದ ಮಿತಿಯಾದ 60ಕ್ಕಿಂತ ಕೆಳಗಿದ್ದ ದಿನಗಳನ್ನಷ್ಟೇ ತೆಗೆದುಕೊಂಡು ನೋಡಿದಾಗ ಪ್ರತಿ ಹತ್ತು ಮೈಕ್ರೋಗ್ರಾಂಗೆ ಆಗುವ ಏರಿಕೆ ಸರಾಸರಿಗಿಂತ ಜಾಸ್ತಿಯೇ ಇತ್ತು. ಅಂದರೆ ಹಸಿರು ಬಣ್ಣದ ದಿನಗಳಲ್ಲಿ.

ದೆಹಲಿಯ ಗಾಳಿ ಪರವಾಗಿಲ್ಲ ಅಂತ ಇದರ ಅರ್ಥ ಖಂಡಿತ ಅಲ್ಲ. ಅಲ್ಲಿ ದಿನದ ಸಾವುಗಳಲ್ಲಿ ಶೇ 11.5 ಗಾಳಿಯ ಲೆಕ್ಕಕ್ಕೆ ಬಂದಿದೆ, ಇಲ್ಲಿ ಶೇ 4.8. ಆದರೆ ಈ ಲೆಕ್ಕಕ್ಕೆ ಇನ್ನೊಂದು ಮುಖ ಇದೆ. ದೆಹಲಿಯಲ್ಲಿ ಹತ್ತು ಮೈಕ್ರೋಗ್ರಾಂ ಇಳಿಸಿದರೆ ಸಿಗುವ ಲಾಭ ಸಣ್ಣದು, ಬೆಂಗಳೂರಿನಲ್ಲಿ ದೊಡ್ಡದು. ಕಡಿಮೆ ಖರ್ಚಿನಲ್ಲಿ ಜಾಸ್ತಿ ಜೀವ ಉಳಿಸಬಹುದಾದ ಊರು ನಮ್ಮದು. 'ನಾವು ದೆಹಲಿಯಷ್ಟು ಕೆಟ್ಟಿಲ್ಲ' ಅನ್ನುವ ಮಾತು ಆ ಲಾಭವನ್ನು ಪ್ರತಿ ವರ್ಷ ಮುಂದಕ್ಕೆ ತಳ್ಳುತ್ತಿದೆ.

ಹೊಗೆ ಅಂದರೆ ನಮಗೆ ನೆನಪಾಗುವುದು ಶ್ವಾಸಕೋಶ, ಕೆಮ್ಮು, ದಮ್ಮು. ಪಿಎಂ2.5 ಅಂದರೆ ಅಡ್ಡಳತೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಇರುವ ಕಣ. ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತ ಸಣ್ಣದು. ಮೂಗಿನ ಕೂದಲು, ಗಂಟಲಿನ ಸಿಂಬಳ ಯಾವುದೂ ಅದನ್ನು ಪೂರ್ತಿ ತಡೆಯುವುದಿಲ್ಲ. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ. ಅದರಲ್ಲೂ ಅತಿ ಸಣ್ಣವು ರಕ್ತಕ್ಕೇ ಇಳಿಯುತ್ತವೆ. ರಕ್ತನಾಳದ ಗೋಡೆಯಲ್ಲಿ ಉರಿಯೂತ, ರಕ್ತ ಹೆಪ್ಪುಗಟ್ಟುವ ಗುಣದಲ್ಲಿ ಏರಿಕೆ, ರಕ್ತದೊತ್ತಡ. ಆದ್ದರಿಂದಲೇ ಗಾಳಿ ಕೊಲ್ಲುವ ಜನರಲ್ಲಿ ತುಂಬ ಮಂದಿ ಸಾಯುವುದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನಿಂದ. ಮರಣ ಪ್ರಮಾಣಪತ್ರದಲ್ಲಿ 'ಗಾಳಿ' ಅಂತ ಯಾರೂ ಬರೆಯುವುದಿಲ್ಲ. ಹಾರ್ಟ್ ಅಟ್ಯಾಕ್ ಅಂತ ಬರೆಯುತ್ತಾರೆ. ಮನೆಯವರು 'ಶುಗರ್ ಇತ್ತು, ಟೆನ್ಶನ್ ಜಾಸ್ತಿ ಇತ್ತು' ಅನ್ನುತ್ತಾರೆ. ಅದೂ ಸುಳ್ಳಲ್ಲ. ಗಾಳಿ ಅವುಗಳ ಮೇಲೆ ಕೂತು ಕೆಲಸ ಮಾಡುತ್ತದೆ.

ದೇಶದ ಲೆಕ್ಕದಲ್ಲಿ 2019ರಲ್ಲಿ ವಾಯುಮಾಲಿನ್ಯದ ಖಾತೆಗೆ ಬಂದ ಸಾವುಗಳು 16.7 ಲಕ್ಷ. ಆ ವರ್ಷದ ಒಟ್ಟು ಸಾವುಗಳ ಶೇ 17.8. ಇದರಲ್ಲಿ 6 ಲಕ್ಷಕ್ಕೂ ಹೆಚ್ಚು ಮನೆಯೊಳಗಿನ ಒಲೆ ಹೊಗೆಯದ್ದು. 1990ರಿಂದ ಈಚೆಗೆ ಒಲೆಯ ಹೊಗೆಯಿಂದ ಸಾಯುವವರ ಪ್ರಮಾಣ ತುಂಬ ಇಳಿದಿದೆ, ಹೊರಗಿನ ಗಾಳಿಯಿಂದ ಸಾಯುವವರ ಪ್ರಮಾಣ ಎರಡು ಪಟ್ಟಿಗಿಂತ ಜಾಸ್ತಿಯಾಗಿದೆ. ಒಲೆ ಮುಂದೆ ಕೂತ ಅಜ್ಜಿಯ ಕಣ್ಣೀರು ನಮಗೆ ಕಾಣುತ್ತಿತ್ತು, ಗ್ಯಾಸ್ ತಂದೆವು. ಈಗಿನದು ಕಣ್ಣಲ್ಲಿ ನೀರೂ ತರಿಸುವುದಿಲ್ಲ.

ಸದ್ದಿಲ್ಲದೆ ಬರುವುದರಿಂದಲೇ ನಾವು ಅದಕ್ಕೆ ಬೇರೆ ಹೆಸರಿಟ್ಟುಕೊಂಡಿದ್ದೇವೆ. 'ಬೆಂಗಳೂರಿಗೆ ಬಂದ್ಮೇಲೆ ಡಸ್ಟ್ ಅಲರ್ಜಿ ಶುರುವಾಯ್ತು.' ಹಾಸನದಿಂದ ಬಂದವರು, ಹುಬ್ಬಳ್ಳಿಯಿಂದ ಬಂದವರು, ಎಲ್ಲರ ಬಾಯಲ್ಲೂ ಇದೇ ಮಾತು. ಇಲ್ಲಿನ ತಂಪು, ಪಾರ್ಥೇನಿಯಂ ಪರಾಗ, ಹಳೆ ಮನೆಗಳ ಬೂಷ್ಟು ಎಲ್ಲಕ್ಕೂ ಅದರಲ್ಲಿ ಪಾಲಿದೆ, ಒಪ್ಪೋಣ. ಆದರೆ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅವರಲ್ಲಿ ಅಸ್ತಮಾ ಇದ್ದವರು ಶೇ 9. 1989ರಲ್ಲಿ ಶೇ 18.5. 1999ರಲ್ಲಿ ಶೇ 29.5. ಇದು ಆಸ್ಪತ್ರೆಯ ಲೆಕ್ಕ, ಊರಿನ ಎಲ್ಲ ಮಕ್ಕಳದ್ದಲ್ಲ. ಹಾಗಿದ್ದರೂ ಇಪ್ಪತ್ತು ವರ್ಷದಲ್ಲಿ ಮೂರು ಪಟ್ಟು ಏರಿದ್ದನ್ನು ಬರೀ ಪರಾಗದ ತಲೆಗೆ ಕಟ್ಟುವುದು ಕಷ್ಟ. ಆಗಿನ್ನೂ ಔಟರ್ ರಿಂಗ್ ರೋಡಿನ ತುಂಬ ಐಟಿ ಕಂಪನಿಗಳು ಬಂದಿರಲಿಲ್ಲ. ಇವತ್ತು ನಗರದಲ್ಲಿ ನೋಂದಾಯಿತ ವಾಹನಗಳೇ ಒಂದು ಕೋಟಿ ದಾಟಿವೆ.

ಮಗುವಿಗೆ ಇನ್‌ಹೇಲರ್ ಬರೆದುಕೊಟ್ಟರೆ 'ಅಭ್ಯಾಸ ಆಗಿಬಿಡುತ್ತೆ, ಸಿರಪ್ ಕೊಡಿ ಡಾಕ್ಟ್ರೇ' ಅನ್ನುವ ಅಪ್ಪ-ಅಮ್ಮ ಇನ್ನೂ ಇದ್ದಾರೆ. ಇನ್‌ಹೇಲರ್ ಔಷಧ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಅದಕ್ಕೇ ಕಡಿಮೆ ಪ್ರಮಾಣ ಸಾಕು. ಸಿರಪ್ ಇಡೀ ಮೈಗೆ ಹರಡುತ್ತದೆ. ವಿಷಯ ಬಿಟ್ಟು ಹೋದೆ, ಆದರೂ ಇದನ್ನು ಹೇಳಲೇಬೇಕಿತ್ತು.

ಸರ್ಕಾರ ಏನು ಮಾಡುತ್ತಿದೆ? 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಯಿತು. ದೇಶದ 130 ನಗರಗಳು ಅದರಲ್ಲಿವೆ. ಕರ್ನಾಟಕದಿಂದ ನಾಲ್ಕು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ದುಡ್ಡು ಬಂತು, ಖರ್ಚೂ ಆಯಿತು. ಎಲ್ಲಿಗೆ ಅಂತ ದೆಹಲಿಯ ಪರಿಸರ ಸಂಸ್ಥೆ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ 2024ರಲ್ಲಿ ಲೆಕ್ಕ ತೆಗೆದಾಗ ಶೇ 64ರಷ್ಟು ಹೋಗಿದ್ದು ರಸ್ತೆಯ ಧೂಳಿಗೆ. ಕೈಗಾರಿಕೆಗಳ ಹೊಗೆಗೆ ಶೇ 1 ಕೂಡ ಇಲ್ಲ.

ಧೂಳು ಗುಡಿಸುವುದು ತಪ್ಪಲ್ಲ. ಆದರೆ ರಸ್ತೆ ಧೂಳಿನ ಬಹುಪಾಲು ದಪ್ಪ ಕಣ, ಪಿಎಂ10 ಗುಂಪಿನದ್ದು. ಒಳಗಿಳಿದು ಕೊಲ್ಲುವ ಪಿಎಂ2.5 ಬಹುಪಾಲು ಸುಡುವುದರಿಂದ ಬರುತ್ತದೆ: ಡೀಸೆಲ್, ಕಲ್ಲಿದ್ದಲು, ಕಸ, ಸೌದೆ. ಕಾರ್ಯಕ್ರಮದಲ್ಲಿ ನಗರಗಳಿಗೆ ಅಂಕ ಕೊಡುವುದು ಪಿಎಂ10 ಎಷ್ಟು ಇಳಿಯಿತು ಅಂತ ನೋಡಿ. ಪರೀಕ್ಷೆಗೆ ಬರುವ ಪಾಠವನ್ನಷ್ಟೇ ಓದುವ ಹುಡುಗರ ಹಾಗೆ ನಗರಗಳೂ ಧೂಳನ್ನೇ ಹಿಡಿದುಕೊಂಡವು. ನೀರು ಚಿಮುಕಿಸುವ ಟ್ಯಾಂಕರ್, ಗುಡಿಸುವ ಯಂತ್ರ, ಜಂಕ್ಷನ್‌ನಲ್ಲಿ ಕಾರಂಜಿ. ಗುಡಿಸುವ ಯಂತ್ರದ ಫೋಟೊ ತೆಗೆಯಬಹುದು. ಕಾರ್ಖಾನೆ ಚಿಮಣಿಗೆ ಹಾಕಿದ ಫಿಲ್ಟರ್ ಮುಂದೆ ರಿಬ್ಬನ್ ಕತ್ತರಿಸುವುದು ಕಷ್ಟ ಅಲ್ವಾ?

ವಾಹನದ ವಿಷಯದಲ್ಲಿ ನಿಜವಾಗಿ ಒಂದು ದೊಡ್ಡ ಕೆಲಸ ಆಗಿದೆ. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳ ಹೊಗೆಯ ಮಾನದಂಡದಲ್ಲಿ ದೇಶ ಬಿಎಸ್4ನಿಂದ ನೇರ ಬಿಎಸ್6ಕ್ಕೆ ಹಾರಿತು, ಇಂಧನದಲ್ಲಿ ಗಂಧಕ ಹತ್ತು ಪಿಪಿಎಂಗೆ (ಹತ್ತು ಲಕ್ಷದಲ್ಲಿ ಹತ್ತು ಭಾಗ) ಇಳಿಯಿತು. ಆದರೆ ಹೊಸ ಗಾಡಿಯ ಗುಣಮಟ್ಟ ಒಂದು, ಹತ್ತು ವರ್ಷ ಓಡಿದ ಗಾಡಿಯ ಸ್ಥಿತಿ ಇನ್ನೊಂದು. ಅದನ್ನು ನೋಡಬೇಕಾದದ್ದು ರಸ್ತೆ ಬದಿಯ ಎಮಿಷನ್ ಟೆಸ್ಟ್. ನನ್ನ ಹಳೆ ಸ್ಕೂಟರ್ ತೆಗೆದುಕೊಂಡು ಒಂದು ವ್ಯಾನ್ ಹತ್ತಿರ ಹೋದಾಗ ಆ ಹುಡುಗ ಪೈಪಿನೊಳಗೆ ಕೊಳವೆ ಇಟ್ಟ, ನಂಬರ್ ಪ್ಲೇಟಿನ ಫೋಟೊ ಹೊಡೆದ, ಸರ್ಟಿಫಿಕೇಟ್ ಕೊಟ್ಟ. ಎಂಜಿನ್ ಆಫ್ ಆಗಿತ್ತು. ಸರಿಯಾಗಿ ಮಾಡಿದರೂ ಆ ಟೆಸ್ಟ್ ಪೆಟ್ರೋಲ್ ಗಾಡಿಯಲ್ಲಿ ನೋಡುವುದು ಇಂಗಾಲದ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಡೀಸೆಲ್‌ನಲ್ಲಿ ಹೊಗೆ ಎಷ್ಟು ಕಪ್ಪು ಅನ್ನುವುದು. ಪಿಎಂ2.5 ಅದರ ಪಟ್ಟಿಯಲ್ಲೇ ಇಲ್ಲ.

ಇನ್ನು ಗಡಿಯ ಪ್ರಶ್ನೆ. ಬೆಳ್ಳಂದೂರು ಕೆರೆ ನೊರೆ ಉಕ್ಕಿಸಿದ್ದು, ಹೊತ್ತಿಕೊಂಡು ಉರಿದದ್ದು ನೆನಪಿರಬಹುದು. ಕೆರೆಯ ದಡ ಎಷ್ಟು ಗುಡಿಸಿದರೂ ಪ್ರಯೋಜನ ಇರಲಿಲ್ಲ, ಯಾಕೆಂದರೆ ಕೊಳೆ ಬರುತ್ತಿದ್ದುದು ಮೈಲಿಗಳಾಚೆಯಿಂದ, ರಾಜಕಾಲುವೆಯಲ್ಲಿ. ಗಾಳಿಗೂ ಇಂಥ ಕಾಲುವೆಗಳಿವೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಬೆಂಗಳೂರಿನ ಗಾಳಿಯ ಕೆರೆಗೆ ಪೀಣ್ಯದಿಂದ, ಬಿಡದಿಯಿಂದ, ಬೊಮ್ಮಸಂದ್ರದಿಂದ, ಮಾಲೂರಿನ ಇಟ್ಟಿಗೆ ಗೂಡುಗಳಿಂದ, ಚಿಕ್ಕಬಳ್ಳಾಪುರದ ಕಡೆಯ ಕ್ರಷರ್‌ಗಳಿಂದ ಹರಿದು ಬರುತ್ತದೆ. ಹೊಸೂರಿನಿಂದಲೂ ಬರುತ್ತದೆ, ಅದು ತಮಿಳುನಾಡು. ನಗರದ ಕಾರ್ಯಯೋಜನೆ ಮಾತ್ರ ನಗರದ ಗಡಿಗೆ ನಿಲ್ಲುತ್ತದೆ.

ದೆಹಲಿಯಿಂದ ಕಲಿಯುವುದಿದ್ದರೆ ಇದನ್ನು ಕಲಿಯಬೇಕು. ಅಲ್ಲಿನ ಅಕ್ಟೋಬರ್-ನವೆಂಬರ್ ಹೊಗೆಗೆ ಒಂದು ಕಾರಣ ಪಂಜಾಬಿನ 2009ರ ಕಾನೂನಿನಲ್ಲಿದೆ. ಅಂತರ್ಜಲ ಉಳಿಸಲು ಭತ್ತದ ನಾಟಿಯನ್ನು ಮಳೆಗಾಲದ ಹತ್ತಿರಕ್ಕೆ ತಳ್ಳಿದರು. ಒಳ್ಳೆಯ ಉದ್ದೇಶವೇ. ಆದರೆ ನಾಟಿ ತಡವಾದರೆ ಕೊಯ್ಲೂ ತಡ. ಗೋಧಿ ಬಿತ್ತಲು ಸಿಗುವುದು ಎರಡು-ಮೂರು ವಾರ. ಕಂಬೈನ್ ಯಂತ್ರ ಬಿಟ್ಟುಹೋದ ಕೂಳೆಯನ್ನು ಕೀಳಲು ಆಳಿಲ್ಲ, ಹೊತ್ತಿಲ್ಲ. ಬೆಂಕಿಕಡ್ಡಿ ಅಗ್ಗ. ಅದೇ ಹೊತ್ತಿಗೆ ಗಾಳಿ ನಿಲ್ಲುತ್ತದೆ, ಚಳಿ ಇಳಿಯುತ್ತದೆ. ನೀರಿನ ಕಾನೂನು ಮಾಡಿದವರು ಗಾಳಿಯ ಬಗ್ಗೆ ಯೋಚಿಸಲಿಲ್ಲ, ಚಂಡೀಗಢದಲ್ಲಿ ಕೂತವರು ದೆಹಲಿಯ ಬಗ್ಗೆ ಯೋಚಿಸಲಿಲ್ಲ. ಕೊನೆಗೆ 2021ರಲ್ಲಿ ಸಂಸತ್ತೇ ಕಾನೂನು ಮಾಡಿ ದೆಹಲಿ ಮತ್ತು ಸುತ್ತಲಿನ ರಾಜ್ಯಗಳಿಗೆ ಸೇರಿ ಒಂದು ಆಯೋಗ ಕೊಟ್ಟಿತು. ಅದು ಎಲ್ಲವನ್ನೂ ಸರಿಮಾಡಿಲ್ಲ. ಆದರೂ ಬೇರೆ ಬೇರೆ ರಾಜ್ಯದವರನ್ನು ಒಂದೇ ಮೇಜಿಗೆ ಕೂರಿಸುವ ಅಧಿಕಾರ ಅದಕ್ಕಿದೆ. ಬೆಂಗಳೂರು-ಹೊಸೂರಿಗೆ ಅಂಥ ಮೇಜೇ ಇಲ್ಲ.

ನಮ್ಮಲ್ಲೂ ಬೆಂಕಿಕಡ್ಡಿ ಕಡಿಮೆಯೇನಿಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿದ ಮೇಲೆ ರವದಿಗೆ, ಅಂದರೆ ಉಳಿದ ಒಣ ಎಲೆಗೆ ಬೆಂಕಿ. ಗಂಗಾವತಿ, ಸಿಂಧನೂರು ಕಡೆ ಭತ್ತದ ಹುಲ್ಲಿಗೆ ಬೆಂಕಿ. ಇನ್ನು ದೂರದ ಚಿಮಣಿಗಳು. ರಾಯಚೂರಿನ ಶಕ್ತಿನಗರದ ವಿದ್ಯುತ್ ಘಟಕಗಳು 1985ರಿಂದ ಕಲ್ಲಿದ್ದಲು ಸುಡುತ್ತಿವೆ. ಕಲ್ಲಿದ್ದಲಿನ ಗಂಧಕ ಅನಿಲವಾಗಿ ಹೊರಬಂದು, ದಾರಿಯಲ್ಲಿ ಸಲ್ಫೇಟ್ ಕಣವಾಗಿ, ನೂರಾರು ಕಿಲೋಮೀಟರ್ ಹೋಗಬಲ್ಲದು. ಆ ಅನಿಲ ತಡೆಯುವ ಉಪಕರಣವನ್ನು ದೇಶದ ಕಲ್ಲಿದ್ದಲು ಸ್ಥಾವರಗಳು ಎರಡು ವರ್ಷದೊಳಗೆ ಹಾಕಬೇಕು ಅಂತ 2015ರಲ್ಲಿ ನಿಯಮ ಬಂತು. ಗಡುವು ಮುಂದೆ ಹೋಯಿತು, ಮತ್ತೆ ಹೋಯಿತು, ಇನ್ನೊಮ್ಮೆ ಹೋಯಿತು. 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಅದು ಬೇಡವೇ ಬೇಡ ಅಂತ ವಿನಾಯಿತಿ ಬಂತು. ಚಿಮಣಿ ಹೊಗೆ ಉಸಿರಾಡುವವರು ಶಕ್ತಿನಗರದವರು, ಕರೆಂಟ್‌ನಲ್ಲಿ ಗೀಸರ್ ಹಾಕಿಕೊಳ್ಳುವವರು ನಾವು. ಊರೆಲ್ಲ ಸುಟ್ಟರೂ ಹನುಮಪ್ಪ ಹೊರಗೆ ಅಂದ ಹಾಗೆ.

ಶುದ್ಧ ಗಾಳಿ ಪಟ್ಟಿಯಲ್ಲಿರುವ ನಮ್ಮ ನಾಲ್ಕು ನಗರಗಳನ್ನು ಇನ್ನೊಮ್ಮೆ ನೋಡಿ. ರಾಯಚೂರು ಇಲ್ಲ. ಬಳ್ಳಾರಿ ಇಲ್ಲ. ಕೊಪ್ಪಳ ಇಲ್ಲ. ಸಂಡೂರಿನ ಗಣಿ, ತೋರಣಗಲ್ಲಿನ ಉಕ್ಕು, ಕುಡಿತಿನಿಯ ವಿದ್ಯುತ್ ಸ್ಥಾವರ, ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳು ಎಲ್ಲ ಅಕ್ಕಪಕ್ಕದಲ್ಲೇ ಇರುವ ಪ್ರದೇಶ ಅದು. ಕಾರ್ಯಕ್ರಮ ಲೆಕ್ಕ ಹಿಡಿಯುವುದು ನಗರಗಳನ್ನು, ಹೊಗೆ ಇರುವುದು ಹಳ್ಳಿಗಳ ಮೇಲೆ. ಹಳ್ಳಿಯಲ್ಲಿ ಅಳೆಯುವ ಯಂತ್ರ ಇಲ್ಲದಿದ್ದರೆ ದಾಖಲೆಯಲ್ಲಿ ಕೊಳೆಯೂ ಇರುವುದಿಲ್ಲ. ಗಿಣಿಗೇರಾ ಕಡೆಯ ಹೆಂಗಸರಿಗೆ ಯಂತ್ರ ಬೇಕಿಲ್ಲ. ಒಣಹಾಕಿದ ಬಟ್ಟೆ ನೋಡಿದರೆ ಸಾಕು.

ಅದಕ್ಕೇ 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆದಾಗ ನನಗೆ ಆಶ್ಚರ್ಯ ಆಗಲಿಲ್ಲ. ಊರ ಪಕ್ಕದಲ್ಲೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಅಂತ ಗವಿಮಠದ ಸ್ವಾಮೀಜಿ ಮುಂದೆ ನಿಂತರು, ಊರೇ ಬೀದಿಗೆ ಬಂತು, ಮುಖ್ಯಮಂತ್ರಿ ಕೆಲಸ ನಿಲ್ಲಿಸಲು ಹೇಳಬೇಕಾಯಿತು. ಕರ್ನಾಟಕದಲ್ಲಿ ನೀರಿಗಾಗಿ, ಭಾಷೆಗಾಗಿ ಬಂದ್ ಆಗುವುದು ಹೊಸದಲ್ಲ. ಗಾಳಿಗಾಗಿ ಒಂದು ಊರು ಅಂಗಡಿ ಮುಚ್ಚಿದ್ದು ಬೆಂಗಳೂರಿನಲ್ಲಿ ಅಲ್ಲ, ಕೊಪ್ಪಳದಲ್ಲಿ.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಕರ್ಚೀಫು ಕಟ್ಟಿಕೊಂಡರೆ ಪಿಎಂ2.5 ನಿಲ್ಲುವುದಿಲ್ಲ, ಮುಖಕ್ಕೆ ಸರಿಯಾಗಿ ಕೂರುವ ಎನ್95 ಬೇಕು. ಚಳಿಗಾಲದಲ್ಲಿ ವಾಕಿಂಗ್ ಮಾಡುವವರು ಬಿಸಿಲು ಏರುವವರೆಗೆ ಕಾಯುವುದು ಒಳ್ಳೆಯದು. ರಾತ್ರಿಯಿಡೀ ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ ಮೇಲೆ ಹೋಗಲು ದಾರಿ ಇರುವುದಿಲ್ಲ. ಸೂರ್ಯ ನೆಲ ಕಾಯಿಸಿದ ಮೇಲೆಯೇ ಮುಚ್ಚಳ ತೆರೆಯುವುದು. ಬೆಳಗಿನ ಮಂಜು ಅಂತ ನಾವು ಖುಷಿಪಡುವುದರಲ್ಲಿ ಎಷ್ಟು ಮಂಜು, ಎಷ್ಟು ಹೊಗೆ ಅನ್ನುವುದನ್ನು ಮೂಗೇ ಹೇಳುತ್ತದೆ.

ಜನವರಿಯಲ್ಲಿ ಒಂದು ದಿನ ಆರೂವರೆಗೆ ಗೇಟಿನ ಹತ್ತಿರ ಹಾಲಿನ ಪ್ಯಾಕೆಟ್ ತರಲು ಇಳಿದಾಗ ನಮ್ಮ ಬೀದಿಯ ತುದಿಯಲ್ಲಿ ಎಲೆಯ ಗುಡ್ಡೆ ಉರಿಯುತ್ತಿತ್ತು. ಬಯಲಲ್ಲಿ ಕಸ ಸುಡಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ, ಸುಟ್ಟರೆ 5,000 ರೂಪಾಯಿ ದಂಡ. ಆ ಮೊಕದ್ದಮೆ ಹೂಡಿದ ಅಲ್ಮಿತ್ರಾ ಪಟೇಲ್ ನಮ್ಮ ಬೆಂಗಳೂರಿನವರೇ. ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು, ಸ್ವಲ್ಪ ಜೋರಾಗಿಯೇ, ಗುಡಿಸುತ್ತಿದ್ದ ಹೆಂಗಸನ್ನು ಕೇಳಿದೆ.

'ಎಲೆ ಎತ್ತೋ ಗಾಡಿ ನಾಕು ದಿನದಿಂದ ಬಂದಿಲ್ಲ ಸಾರ್' ಅಂದರು. 'ಹಂಗೇ ಬಿಟ್ರೆ ನಿಮ್ಮ ಬೀದಿಯವರೇ ಫೋಟೊ ತೆಗ್ದು ಕಂಪ್ಲೇಂಟ್ ಹಾಕ್ತಾರೆ. ನಂಗೂ ಇದ್ರಿಂದ ರಾತ್ರಿಯೆಲ್ಲ ಕೆಮ್ಮು.'

ಹೊಗೆ ಮೇಲೇರದೆ ಮೊದಲ ಮಹಡಿಯ ಎತ್ತರದಲ್ಲೇ ಅಡ್ಡಡ್ಡ ಹರಡಿಕೊಂಡಿತ್ತು. ಶಾಲೆಯ ವ್ಯಾನಿಗೆ ಕಾಯುತ್ತಿದ್ದ ಎರಡು ಮಕ್ಕಳು ಅದರೊಳಗೆ ನಿಂತಿದ್ದವು. ಆಕೆ ಸೆರಗನ್ನು ಮೂಗಿಗೆ ಬಿಗಿದುಕೊಂಡು ಮುಂದಿನ ಗುಡ್ಡೆಯ ಕಡೆ ಹೋದರು.